ಎರಡು ಹಲ್ಲಿನ ಹರಕೆ

ನನ್ನ ಅಕ್ಕನಿಗೆ ಎರಡು ಸಲವೂ ಸೂಜಿ ಹಾಕಿದವಳು ನಾನು. ಮೊದಲ ಸಲ ಅರವತ್ತು, ಎರಡನೆಯ ಸಲ ಮತ್ತೆ ಅರವತ್ತು. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಗುಳಿಗೆಗಳನ್ನು ರಾಯಚೂರಿನಿಂದ ಹೊತ್ತು ತಂದವಳೂ ನಾನೇ. ಆದರೂ ಮಾನ್ವಿಯಲ್ಲಿ ಅಕ್ಕನ ಓಣಿಗೆ ಹೋಗಿ ಯಾರನ್ನೇ ಕೇಳಿ, ಆಕೆಯನ್ನು ಉಳಿಸಿದ್ದು ಊರ ದೇವತೆ ಗುಡ್ಡದವ್ವ. ಅಕ್ಕನನ್ನೇ ಕೇಳಿದರೂ ಅದೇ ಉತ್ತರ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ ಸೂಜಿ ನನ್ನದು, ಹೆಸರು ಗುಡ್ಡದವ್ವನದು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನನ್ನ ಸಿಟ್ಟು ಮೂಗಿನ ತುದಿಯ ಮೇಲಿನದು. ಕೂತಲ್ಲಿ ಕೂಡುವ ಜಾತಿಯೂ ನನ್ನದಲ್ಲ. ಬಸ್ಸು ನಿಂತರೆ ಇಳಿದು ಅಡ್ಡಾಡುತ್ತೇನೆ, ಹಾಲು ಕಾಯಲು ಇಟ್ಟರೆ ಉಕ್ಕುವ ತನಕ ಅಡುಗೆಮನೆಯಲ್ಲಿ ಹತ್ತು ಸಲ ಸುತ್ತುತ್ತೇನೆ. “ಈಕಿ ಕಾಲಾಗ ಚಕ್ರ ಅದ” ಎಂದು ಅಕ್ಕ ನಗುತ್ತಿದ್ದಳು. ತಾಯಿ ತಂದೆ ನನಗೆ ಬುದ್ಧಿ ಬರುವ ಮೊದಲೇ ಹೋದರು. ನನ್ನ ತಲೆ ಬಾಚಿ, ರೊಟ್ಟಿ ಕಟ್ಟಿಕೊಟ್ಟು ಸಾಲಿಗೆ ಕಳಿಸಿದವಳು ಅಕ್ಕ. ಮದುವೆಯಾಗಿ ಮಾನ್ವಿಗೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡೇ ಹೋದಳು. ಆಕೆಯ ಗಂಡ, ನಮ್ಮ ಮಾವ, ಕುರಿ ಕಾಯುವವನು. ಹೊಸ ಹೆಂಡತಿಯ ಜೊತೆ ಗಂಟುಬಿದ್ದು ಬಂದ ತಂಗಿಯನ್ನು ಆತ ಒಂದು ದಿನವೂ ಹೊರೆ ಎಂದವನಲ್ಲ. ನರ್ಸಿನ ತರಬೇತಿಗೆ ಹೋಗುತ್ತೇನೆ ಎಂದಾಗ ಜನ ಬೇಡವೆಂದರೂ ಕಂಬಳಿ ಹೆಗಲಿಗೇರಿಸಿ ನನ್ನ ಟ್ರಂಕು ಹೊತ್ತು ಬಸ್ಸಿಗೆ ಹತ್ತಿಸಿದ ಮನುಷ್ಯ. ಅವರಿಬ್ಬರಿಗೂ ಮಕ್ಕಳಾಗಲಿಲ್ಲ. ಒಂದು ಲೆಕ್ಕಕ್ಕೆ ನಾನೇ ಅವರ ಮಗಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದೇವದುರ್ಗದ ಸರಕಾರಿ ದವಾಖಾನೆಯಲ್ಲಿ ನರ್ಸು. ಒಂದು ಬೇಸಿಗೆಯಲ್ಲಿ ಮಾವನ ಕಡೆಯಿಂದ ಸುದ್ದಿ ಬಂತು, ಅಕ್ಕ ಕೆಮ್ಮಿದರೆ ರಕ್ತ ಬೀಳುತ್ತದೆ ಎಂದು. ಓಡಿ ಹೋದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಎರಡು ತಿಂಗಳಿಂದ ಸಂಜೆಗೆ ಜ್ವರ ಬರುತ್ತಿದೆಯಂತೆ, ಯಾರಿಗೂ ಹೇಳಿರಲಿಲ್ಲ. ಮಾವ ನನಗಿಂತ ಮೊದಲು ಗುಡ್ಡದವ್ವನಿಗೆ ಹೇಳಿ ಬಂದಿದ್ದ. ಊರ ಹೊರಗೆ ಬಂಡೆಗಳ ಮೇಲೆ ಆಕೆಯ ಸಣ್ಣ ಗುಡಿ. ಹಟ್ಟಿಯಲ್ಲಿದ್ದ ದೊಡ್ಡ ಟಗರಿನ ಕೊರಳಿಗೆ ಅರಿಸಿನದ ಬಟ್ಟೆ ಕಟ್ಟಿ, ಹೆಂಡತಿ ಎದ್ದು ಓಡಾಡಿದರೆ ಈ ಟಗರು ನಿನ್ನದು ಎಂದು ಹರಕೆ ಹೊತ್ತಿದ್ದ.

ನಾನು ಟಗರಿನ ಕಡೆ ನೋಡಲೂ ಇಲ್ಲ. ಅಕ್ಕನನ್ನು ರಾಯಚೂರಿಗೆ ಕರೆದುಕೊಂಡು ಹೋದೆ. ಕಫ ನೋಡಿದರು, ಎದೆಯ ಫೋಟೋ ತೆಗೆದರು. ಕ್ಷಯ. ಎರಡು ತಿಂಗಳು ದಿನಾ ಸೂಜಿ, ಅದರ ಜೊತೆಗೆ ಒಂದೂವರೆ ವರ್ಷ ಗುಳಿಗೆ. “ಆರಾಮ ಅನಿಸಿದರೂ ಬಿಡಬಾರದು. ಅನಿಸಿದಾಗಲೇ ಬಿಡಬಾರದು” ಎಂದರು ಡಾಕ್ಟರು. ನಾನು ನರ್ಸು, ನನಗೆ ಹೇಳಬೇಕೆ ಎಂದುಕೊಂಡೆ. ಈ ಜಂಬಕ್ಕೆ ಆಮೇಲೆ ಸರಿಯಾದ ಪೆಟ್ಟೇ ಬಿತ್ತು.

ಅಕ್ಕನನ್ನು ದೇವದುರ್ಗದ ನನ್ನ ಬಾಡಿಗೆ ಕೋಣೆಗೆ ತಂದು ಇಟ್ಟುಕೊಂಡೆ. ಬೆಳಿಗ್ಗೆ ಸ್ಟೋವಿನ ಮೇಲೆ ಸಿರಿಂಜು ಕುದಿಸಿ, ಸೂಜಿ ಹಾಕಿ, ಕೆಲಸಕ್ಕೆ ಹೋಗುತ್ತಿದ್ದೆ. ಹದಿನೈದು ದಿನಕ್ಕೆ ಜ್ವರ ಬಿಟ್ಟಿತು. ತಿಂಗಳಿಗೆ ಅಕ್ಕ ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡಳು. ಎರಡನೇ ತಿಂಗಳು ತುಂಬುವ ಹೊತ್ತಿಗೆ ಬಳೆ ಮತ್ತೆ ಮುಂಗೈಗೆ ಬಿಗಿಯಾಗಿತ್ತು. ಸೂಜಿ ಮುಗಿಸಿ ಮಾನ್ವಿಗೆ ಬಿಟ್ಟು ಬಂದೆ. ಅಲ್ಲಿಂದ ಮುಂದೆ ನನ್ನ ಓಡಾಟ: ದೇವದುರ್ಗದಿಂದ ರಾಯಚೂರಿಗೆ, ರಾಯಚೂರಿನಲ್ಲಿ ಗುಳಿಗೆ ತೆಗೆದುಕೊಂಡು ಮಾನ್ವಿಗೆ, ಮಾನ್ವಿಯಿಂದ ದೇವದುರ್ಗಕ್ಕೆ. ಪ್ರತಿ ತಿಂಗಳೂ ಅಕ್ಕ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಾನು ಉಬ್ಬಿಹೋಗುತ್ತಿದ್ದೆ.

ಸಂಕ್ರಾಂತಿಯ ಮರುದಿನ ಹೋದಾಗ ಅಂಗಳಕ್ಕೇ ಕೆಮ್ಮು ಕೇಳಿಸಿತು. ಆ ಕೆಮ್ಮು ನನಗೆ ಗೊತ್ತು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ತಂಪಿನ ಕೆಮ್ಮು ಎಂದಳು. ನಾನು ಕೇಳಲಿಲ್ಲ. ಗುಳಿಗೆ ಎಲ್ಲಿ, ಎಷ್ಟು ಉಳಿದಿವೆ ತೋರಿಸು ಎಂದೆ. ನಾನೇ ಹುಡುಕಿದೆ. ದೇವರ ಜಗುಲಿಯ ಮೇಲೆ, ಕುಂಕುಮ ಹಚ್ಚಿದ ಸಣ್ಣ ಗಡಿಗೆಯೊಂದಿತ್ತು. ಒಳಗೆ ಆರು ತಿಂಗಳ ಪೊಟ್ಟಣಗಳು, ಕಟ್ಟಿದ ದಾರ ಸಹ ಬಿಚ್ಚಿರಲಿಲ್ಲ.

“ಇದೇನಕ್ಕಾ?”

“ಒಗೀಬಾರದಲ್ಲ ಯವ್ವಾ, ನೀ ಅಷ್ಟು ದೂರದಿಂದ ತಂದದ್ದು. ಅದಕ ದೇವ್ರ ಮುಂದ ಇಟ್ಟೀನಿ.”

“ಯಾವಾಗಿಂದ ಬಿಟ್ಟಿ?”

“ಟಗರು ಕೊಟ್ಟಾಗಿಂದ.”

ನನ್ನ ಬೆನ್ನ ಹಿಂದೆ ಹರಕೆ ತೀರಿಸಿಬಿಟ್ಟಿದ್ದರು. ಅಕ್ಕ ಎದ್ದು ಓಡಾಡಿದ್ದಳಲ್ಲ, ಮಾತು ಕೊಟ್ಟಂತೆ ಆಷಾಢದಲ್ಲೇ ಟಗರನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗಿದ್ದರು. ನನಗೆ ಹೇಳಿದರೆ ಬೈಯುತ್ತೇನೆಂದು ಹೇಳಿರಲಿಲ್ಲ. ನಾನು ಹುಟ್ಟಿ ಬೆಳೆದ ಮಂದಿಯಲ್ಲಿ ಹರಕೆ ತೀರಿಸುವುದೆಂದರೆ ಏನೆಂದು ನನಗೂ ಗೊತ್ತು. ಅದು ಮುಗಿಯಿತೆಂದು ಹತ್ತು ಜನರ ಎದುರು ಹೇಳುವುದು. ಗುಣವಾಯಿತೆಂದು ದೇವರಿಗೆ ಟಗರು ಕೊಟ್ಟು, ಮನೆಗೆ ಬಂದು ಅದೇ ರೋಗಕ್ಕೆ ಗುಳಿಗೆ ನುಂಗಿದರೆ ಕೊಟ್ಟ ಮಾತೇ ಸುಳ್ಳಾಗುತ್ತದೆ. ನನಗೆ ಇದು ಗೊತ್ತಿತ್ತು, ಗೊತ್ತಿದ್ದೂ ಹೊಳೆದಿರಲಿಲ್ಲ. ಟಗರನ್ನು ನೋಡದೆ ಮುಖ ತಿರುಗಿಸಿದ್ದು ನನ್ನ ತಪ್ಪು.

ಆದರೆ ಆಗ ತಪ್ಪು ಒಪ್ಪಿಕೊಳ್ಳುವ ತಾಳ್ಮೆ ಎಲ್ಲಿತ್ತು? ಬಾಯಿಗೆ ಬಂದಂತೆ ಬೈದೆ. ಮತ್ತೆ ಸೂಜಿಗೆ ನಡೆ, ಈಗಲೇ ಹೊರಡು ಎಂದೆ. ಅಕ್ಕ ತಲೆ ಅಲ್ಲಾಡಿಸಿದಳು.

“ಟಗರು ಕೊಟ್ಟ ಮ್ಯಾಲೂ ನಿನ್ನ ಅಂಜಿಕಿಗೆ ಎರಡು ದಿನಾ ಗುಳಿಗಿ ನುಂಗೀನಿ. ಅದಕ ಆಕಿಗೆ ಸಿಟ್ಟು ಬಂದದ. ಅದಕೇ ಹೊಳ್ಳಿ ಬಂದದ ಇದು. ಇನ್ನ ಒಂದು ಗುಳಿಗಿನೂ ನಾ ಮುಟ್ಟಂಗಿಲ್ಲ.”

“ಗುಳಿಗಿ ಬಿಟ್ಟದ್ದಕ್ಕ ಹೊಳ್ಳಿ ಬಂದದ ಅಕ್ಕಾ!”

“ನೀ ಓದಿದಾಕಿ, ನೀ ಹಂಗ ಅಂತಿ.”

ಆಗ ನಾನು ಗುಡ್ಡದವ್ವನಿಗೆ ಒಂದು ಮಾತು ಅಂದೆ. ಅದನ್ನು ಇಲ್ಲಿ ಬರೆಯಲಾರೆ. ಕಟ್ಟೆಯ ಮೇಲೆ ಕೂತಿದ್ದ ಮಾವ ಎದ್ದು, ಕಂಬಳಿ ಕೊಡವಿ, ನನ್ನ ಮುಖ ನೋಡದೆ ಹೊರಗೆ ಹೋದ. ಅಕ್ಕ ಅಳಲೂ ಇಲ್ಲ, ಜಗುಲಿಯ ಕಡೆ ತಿರುಗಿ ಕೆನ್ನೆ ಕೆನ್ನೆ ಬಡಿದುಕೊಂಡಳು, ನನ್ನ ಪರವಾಗಿ.

ಮರುದಿನ ರಾಯಚೂರಿಗೆ ಹೋದೆ. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: ಅರ್ಧಕ್ಕೆ ಬಿಟ್ಟ ರೋಗ ಹಟಮಾರಿಯಾಗುತ್ತದೆ, ಈ ಸಲ ಇನ್ನೂ ಔಷಧದ ಮಾತು ಕೇಳಬಹುದು, ಈ ಸಲವೂ ಬಿಟ್ಟರೆ ಮೂರನೇ ಸಲಕ್ಕೆ ನನ್ನ ಹತ್ತಿರ ಬರಬೇಡಿ. ಹೊರಗೆ ಗುಳಿಗೆ ಕೊಡುವ ಕಿಟಕಿಯಲ್ಲಿ ಒಬ್ಬ ವಯಸ್ಸಾದ ಕಂಪೌಂಡರ್ ಇದ್ದರು. ಮನೆಮಾತು ದಖನಿ, ನಾನು ಚಾಚಾ ಎನ್ನುತ್ತಿದ್ದೆ. ಪ್ರತಿ ತಿಂಗಳು ಪೊಟ್ಟಣ ಕಟ್ಟಿ ಕೊಟ್ಟವರು ಅವರೇ. ಆ ಗಡಿಗೆಯ ಕಥೆ ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅಳುತ್ತಲೂ ಒಂದು ಕಡೆ ನಿಲ್ಲಲಾರದೆ ಕಿಟಕಿಯ ಮುಂದೆ ಅತ್ತಿಂದಿತ್ತ ಅಡ್ಡಾಡಿದೆ.

“ನಿಂದ್ರಿ ಸಿಸ್ಟರಮ್ಮಾ, ನನಗ ಚಕ್ಕರ್ ಬರಾಕತ್ತದ” ಎಂದರು ಚಾಚಾ. “ನೀವು ಲಡಾಯಿ ಮಾಡಾಕತ್ತದ್ದು ಯಾರ ಜೊತಿ? ಬೀಮಾರಿ ಜೊತಿಯೋ, ದೇವ್ರ ಜೊತಿಯೋ? ನಮ್ಮ ಮನ್ಯಾಗ ಬಿಸ್ಮಿಲ್ಲಾ ಅಂದು ಗುಳಿಗಿ ನುಂಗ್ತಾರ. ದವಾನೂ ಹೊಟ್ಟಿಗೆ ಹೋಗ್ತದ, ದುವಾನೂ ಹೋಗ್ತದ. ಯಾವುದು ಕೆಲಸ ಮಾಡ್ತು ಅಂತ ನಾ ಯಾರಿಗೂ ಕೇಳಂಗಿಲ್ಲ. ಪೊಟ್ಟಣ ಖಾಲಿ ಆಯ್ತೋ ಇಲ್ಲೋ, ಅಷ್ಟೇ ಕೇಳ್ತೀನಿ.”

ಒಳ್ಳೆಯ ಮಾತು. ಆದರೆ ಅದನ್ನು ತೆಗೆದುಕೊಂಡು ಏನು ಮಾಡುವುದು? ಮಾನ್ವಿಯ ಬಸ್ಸು ಹತ್ತಿದೆ. ಕಲ್ಮಲ ದಾಟಿದ ಮೇಲೆ ಕುರಿ ಹಿಂಡೊಂದು ಅಡ್ಡ ಬಂದು ಬಸ್ಸು ನಿಂತಿತು. ನಾನು ಎಂದಿನಂತೆ ಇಳಿದೆ. ರಸ್ತೆಯ ಪಕ್ಕ ಕುರಿಗಾರನೊಬ್ಬ ಟಗರಿನ ತುಟಿ ಎತ್ತಿ ವ್ಯಾಪಾರಿಗೆ ಹಲ್ಲು ತೋರಿಸುತ್ತಿದ್ದ. “ನೋಡ್ರಿ, ಎರಡಲ್ಲು. ನಿನ್ನೆ ಮೊನ್ನೆ ಬಂದಾವ.” ನಮ್ಮಲ್ಲಿ ಕುರಿಯ ವಯಸ್ಸು ಹೇಳುವುದು ಹಲ್ಲು ನೋಡಿಯೇ. ಹಾಲುಹಲ್ಲು ಉದುರಿ ಮುಂದೆ ಎರಡು ದೊಡ್ಡ ಹಲ್ಲು ಬರುವುದಕ್ಕೆ ಹೆಚ್ಚು ಕಡಿಮೆ ಒಂದೂವರೆ ವರ್ಷ. ಹಾಲುಹಲ್ಲಿನ ಮರಿಯನ್ನು ಗುಡ್ಡದವ್ವ ಒಪ್ಪುವುದಿಲ್ಲ. ಎರಡು ಹಲ್ಲು ಬಂದ ಟಗರೇ ಆಗಬೇಕು. ಕಂಡಕ್ಟರ್ ಸೀಟಿ ಊದಿದರೂ ನಾನು ಆ ಟಗರಿನ ಬಾಯಿ ನೋಡುತ್ತ ನಿಂತಿದ್ದೆ. ಒಂದೂವರೆ ವರ್ಷ! ಗುಳಿಗೆಯದೂ ಅಷ್ಟೇ ಲೆಕ್ಕ.

ಮಾವನ ಹಟ್ಟಿಯಲ್ಲಿ ಆ ವಾರ ಹುಟ್ಟಿದ ಗಂಡುಮರಿಯೊಂದಿತ್ತು. ಅದನ್ನು ಎತ್ತಿಕೊಂಡೆ. “ಇದನ್ನು ಗುಡ್ಡದವ್ವಗ ಬಿಡ್ತೀನಿ, ನಡೀರಿ” ಎಂದೆ. ಇಬ್ಬರೂ ಬಾಯಿ ತೆರೆದು ನೋಡಿದರು. ಹಿಂದಿನ ದಿನ ದೇವರನ್ನು ಬೈದವಳು ಇವತ್ತು ಹರಕೆ ಹೊರುತ್ತೇನೆಂದರೆ! ತಪ್ಪು ಒಪ್ಪಿಕೊಳ್ಳಲು ಬಂದಿದ್ದಾಳೆಂದೇ ಅಕ್ಕ ತಿಳಿದಳು. ಹಾಗೆ ತಿಳಿಯಲಿ ಎಂದು ಸುಮ್ಮನಿದ್ದೆ.

ಗುಡಿಯಲ್ಲಿ ಪೂಜೆ ಮಾಡುವವಳು ಒಬ್ಬ ಮುದುಕಿ. ಮರಿಯ ಹಣೆಗೆ ಭಂಡಾರ ಹಚ್ಚಿ, “ಏನಂತ ಬೇಡ್ಕೋತಿ, ಬಾಯಿ ಬಿಟ್ಟು ಹೇಳು” ಎಂದಳು.

ನಾನು ಗಟ್ಟಿಯಾಗಿಯೇ ಹೇಳಿದೆ. “ಈ ಮರಿಗೆ ಎರಡಲ್ಲು ಬಂದ ಮ್ಯಾಲ ಇದು ಅವ್ವಂದು. ಅಲ್ಲೀತನ ನಮ್ಮಕ್ಕ ದಿನಾ ಗುಳಿಗಿ ತಗೋತಾಳ. ಒಂದಿನ ಬಿಟ್ಟರೂ ನನ್ನ ಹರಕಿ ಮುರೀತು.”

ಮುದುಕಿ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಇಂಥ ಹರಕೆ ಆಕೆ ಕೇಳಿರಲಿಕ್ಕಿಲ್ಲ. ಆಮೇಲೆ ಅಕ್ಕನಿಗೆ ಹೇಳಿದಳು, “ನಿನ್ನ ಸಲುವಾಗಿ ಬಿಟ್ಟ ಮರಿ ಇದು. ಇದರ ಬಾಯಿ ಬಿಡಿಸಿ ನೀ ಹಲ್ಲು ನೋಡಂಗಿಲ್ಲ. ನೋಡಾವರು ನೋಡಿ ಹೇಳ್ತಾರ.” ಅಕ್ಕ ತಲೆಯಾಡಿಸಿದಳು. ತಂಗಿಯ ಹರಕೆ ತನ್ನಿಂದ ಮುರಿಯುವುದೆಂದರೆ ಆಕೆಗೆ ಕ್ಷಯಕ್ಕಿಂತ ದೊಡ್ಡ ಭಯ. ಗೆದ್ದೆ ಎಂದುಕೊಂಡು ಗುಡ್ಡ ಇಳಿದೆ.

ಗೆದ್ದವಳಿಗೆ ನೆಮ್ಮದಿ ಇರಬೇಕಲ್ಲ? ನನಗೆ ಒಂದು ದಿನವೂ ಇರಲಿಲ್ಲ. ದೇವದುರ್ಗದಲ್ಲಿ ಮತ್ತೆ ಎರಡು ತಿಂಗಳು ಸೂಜಿ ಹಾಕಿದೆ. ಆ ಎರಡು ತಿಂಗಳಲ್ಲಿ ಅಕ್ಕ ತನ್ನ ಕೆಮ್ಮಿನ ಸುದ್ದಿ ಎತ್ತಲಿಲ್ಲ, ಮಾನ್ವಿಯಿಂದ ಯಾರು ಬಂದರೂ ಮರಿ ಹೇಗಿದೆ ಎಂದಷ್ಟೇ ಕೇಳಿದಳು. ಊರಿಗೆ ಹೋದ ಮೇಲೆ ಮರಿಯ ಸೇವೆ ಶುರುವಾಯಿತು. ನೆನೆಸಿದ ಕಡಲೆ, ಜೋಳದ ನುಚ್ಚು, ಹೊಲದಿಂದ ಆರಿಸಿ ತಂದ ಸೊಪ್ಪು. ದಿನಾ ಬೆಳಿಗ್ಗೆ ಒಂದು ಕೈಯಲ್ಲಿ ಮರಿಗೆ ಮೇವು, ಇನ್ನೊಂದು ಕೈಯಲ್ಲಿ ತನ್ನ ಗುಳಿಗೆ. ಮರಿ ಅಂಗೈ ನೆಕ್ಕುತ್ತಿದ್ದಂತೆ ಆಕೆ ನೀರು ಕುಡಿದು ಗುಳಿಗೆ ನುಂಗುತ್ತಿದ್ದಳು. ನಾನು ಪ್ರತಿ ಭಾನುವಾರ ಬಸ್ಸು ಹಿಡಿದು ಬಂದು ಮೊದಲು ಪೊಟ್ಟಣದ ಗುಳಿಗೆ ಎಣಿಸುತ್ತಿದ್ದೆ, ಆಮೇಲೆ ಮರಿಯ ತುಟಿ ಎತ್ತುತ್ತಿದ್ದೆ. “ಮನಿಗೆ ಬಂದು ಅಕ್ಕನ ಮುಖಾ ನೋಡೂ ಮೊದಲ ಕುರಿ ಬಾಯಿ ನೋಡ್ತಾಳ ಈಕಿ” ಎಂದು ಅಕ್ಕ ಛೇಡಿಸುತ್ತಿದ್ದಳು.

ಮೊದಲ ಮಳೆ ಬಿದ್ದು ಹಸಿ ಹುಲ್ಲು ಎದ್ದಾಗ ಒಂದು ಭಾನುವಾರ ಹೋದರೆ ಮನೆಗೆ ಕೊಂಡಿ ಹಾಕಿತ್ತು. ಪಕ್ಕದ ಮನೆಯವಳು, ದೇವರ ಮರಿಗೆ ಹೊಟ್ಟೆ ಉಬ್ಬಿದೆ, ದನದ ದವಾಖಾನೆಗೆ ಓಡಿದ್ದಾರೆ ಎಂದಳು. ನಾನೂ ಓಡಿದೆ. ಮರಿ ಸತ್ತರೆ ಹರಕೆ ಸತ್ತಿತು, ಹರಕೆ ಸತ್ತರೆ ಗುಳಿಗೆ ನಿಂತಿತು. ದಾರಿಯುದ್ದಕ್ಕೂ ಮೆಟ್ಟು ಕಾಲಿನಿಂದ ಕಳಚಿ ಕಳಚಿ ಬೀಳುತ್ತಿತ್ತು. ಕೊನೆಗೆ ಕೈಯಲ್ಲಿ ಹಿಡಿದುಕೊಂಡೆ. ದವಾಖಾನೆಯ ಅಂಗಳದಲ್ಲಿ ಅಕ್ಕ ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಾವ ಮರಿಯ ಕಾಲು ಬಿಗಿಯಾಗಿ ಹಿಡಿದಿದ್ದ. ಡಾಕ್ಟರು ಆಗಷ್ಟೇ ಅದರ ಬಾಯಿಗೆ ಎಣ್ಣೆ ಹೊಯ್ದು ಸೂಜಿ ಹಾಕಿದ್ದರು.

“ಇನ್ನೊಂದು ಸೂಜಿ ಹಾಕ್ರಿ ಸಾಹೇಬ್ರ, ಕಮ್ಮಿ ಬಿದ್ರ ಹ್ಯಾಂಗ?” ಎಂದು ಮಾವ ಬೇಡಿಕೊಳ್ಳುತ್ತಿದ್ದ.

ನನಗೆ ನಗು, ಸಿಟ್ಟು ಎರಡೂ ಒಟ್ಟಿಗೇ ಬಂದವು. “ಮಾವಾ, ಇದು ಗುಡ್ಡದವ್ವನ ಮರಿ. ಆಕಿ ಕಾಯಂಗಿಲ್ಲೇನು? ಇದಕ್ಯಾಕ ಸೂಜಿ?”

ಮಾವ ಹಣೆಯ ಬೆವರು ಒರೆಸಿಕೊಂಡ. “ಆಕಿದು ಅಂತನೇ ಸೂಜಿ ಯವ್ವಾ. ನಂದಾಗಿದ್ರ ಸತ್ರ ಸಾಯಲಿ ಅಂತಿದ್ದೆ. ಇದನ್ನ ಆಕಿ ನಮ್ಮ ಕೈಯಾಗ ಇಟ್ಟಾಳ. ಜ್ವಾಕಿ ಮಾಡ್ಲಿಲ್ಲಂದ್ರ ನಾಳಿಗೆ ಏನಂತ ಮಾರಿ ತೋರಿಸ್ಲಿ?”

“ಮತ್ತ ಅಕ್ಕ ಯಾರಾಕಿ?” ಎಂದೆ. “ಹ್ವಾದ ವರ್ಷ ಆಕಿ ಉಳಿಸಿಕೊಟ್ಟಾಳ ಅಂತ ಟಗರು ಕೊಟ್ರಲ್ಲ. ಆಕಿ ಉಳಿಸಿಕೊಟ್ಟ ಅಕ್ಕನ್ನ ಜ್ವಾಕಿ ಮಾಡಿದ್ರೇನು?”

ಮಾವ ಮರಿಯ ಹೊಟ್ಟೆ ನೀವುತ್ತಲೇ ಇದ್ದ. ಸಂಜೆಯ ಹೊತ್ತಿಗೆ ಹೊಟ್ಟೆ ಇಳಿದು ಮರಿ ಎದ್ದು ನಿಂತಿತು, ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ನಡೆಯುವಾಗ ಒಂದು ಸಲ ನಿಂತು, ಹಿಂದೆ ಬರುತ್ತಿದ್ದ ಅಕ್ಕನಿಗೆ ಕೇಳಿದ, “ಇವತ್ತಿನ ಗುಳಿಗಿ ತಗೊಂಡೇನು?” ಆತ ಗುಳಿಗೆಯ ಮಾತೆತ್ತಿದ್ದು ಅದೇ ಮೊದಲು.

ನಾನು ಲೆಕ್ಕ ಹಾಕದೆ ಬಿಟ್ಟದ್ದು ಒಂದಿತ್ತು. ಕಡಲೆ ನುಚ್ಚು ತಿಂದು ಬೆಳೆದ ಮರಿಗೆ ಹಲ್ಲು ಬೇಗ ಬರುತ್ತದೆ. ಮರುವರ್ಷದ ಉಗಾದಿಯ ಹೊತ್ತಿಗೆ ಅದು ಮರಿಯಾಗಿ ಉಳಿದಿರಲಿಲ್ಲ, ಕೋಡು ಸುತ್ತಿದ ಟಗರಾಗಿತ್ತು. ತುಟಿ ಎತ್ತಿದೆ. ನಡುವೆ ಜೋಳದ ಕಾಳಿನಂಥ ಎರಡು ಬಿಳಿ ಹಲ್ಲು, ಸಮನಾಗಿ ನಿಂತಿದ್ದವು. ಗುಳಿಗೆ ಇನ್ನೂ ನಾಲ್ಕು ತಿಂಗಳು ಬಾಕಿ.

“ಏನ್ ಕಂಡಿ?” ಹಿಂದೆ ಮಾವ ನಿಂತಿದ್ದ.

“ಇನ್ನೂ ಬಂದಿಲ್ಲ ಮಾವಾ” ಎಂದೆ.

ಆತ ಹತ್ತಿರ ಬಂದು ತಾನೇ ತುಟಿ ಎತ್ತಿದ. ಬಹಳ ಹೊತ್ತು ನೋಡಿದ. ಕುರಿಯ ಹಲ್ಲಿನ ವಿಷಯದಲ್ಲಿ ಮಾವನ ಮಾತೆಂದರೆ ಮಾನ್ವಿಯ ಸಂತೆಯಲ್ಲಿ ಎರಡನೆಯ ಮಾತಿಲ್ಲ. ವ್ಯಾಪಾರ ಕೆಟ್ಟರೂ ಒಂದು ತಿಂಗಳು ಹೆಚ್ಚು ಕಡಿಮೆ ಹೇಳಿದವನಲ್ಲ. ಒಳಗಿನಿಂದ ಅಕ್ಕ ಕೂಗಿದಳು, “ಬಂದಾವೇನ್ರಿ?”

ಮಾವ ತುಟಿ ಬಿಟ್ಟ. “ಇಲ್ಲ. ಇನ್ನೂ ಹಾಲುಹಲ್ಲೇ ಅದಾವ.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ನಾಲ್ಕು ತಿಂಗಳು ಹೇಗೆ ಕಳೆದೆನೋ. ಡ್ಯೂಟಿಯಲ್ಲಿ ಯಾರಾದರೂ ಹಲ್ಲುನೋವು ಎಂದು ಬಂದರೂ ಬೆಚ್ಚಿಬೀಳುತ್ತಿದ್ದೆ. ನನಗೇನು, ನಂಬಿಕೆ ಇಲ್ಲದವಳು, ಸುಳ್ಳು ಹೇಳಿ ದಕ್ಕಿಸಿಕೊಂಡೇನು. ಮಾವ ಹಾಗಲ್ಲ. ದೇವರಿಗೆ ಸಲ್ಲಬೇಕಾದ್ದನ್ನು ಮನೆಯಲ್ಲಿ ಕಟ್ಟಿಹಾಕಿಕೊಂಡು ದಿನಾ ಅದರ ಮುಂದೆ ಉಣ್ಣುತ್ತಿದ್ದ. ಭಾನುವಾರ ಭಾನುವಾರ ಸೊರಗುತ್ತ ಹೋದ. ಒಂದು ಸಲ ಹಟ್ಟಿಯಲ್ಲಿ ಯಾರೂ ಇಲ್ಲದಾಗ ಮೆಲ್ಲಗೆ ಕೇಳಿದ, “ಇನ್ನ ಎಷ್ಟು ಪೊಟ್ಟಣ ಯವ್ವಾ?” ಎರಡು ಎಂದೆ. “ಲಗೂ ಮುಗೀಲಿ” ಎಂದ.

ಮುಗಿಯಿತು. ಆಷಾಢದಲ್ಲಿ ಕೊನೆಯ ಗುಳಿಗೆ ನುಂಗಿಸಿ ಅಕ್ಕನನ್ನು ರಾಯಚೂರಿಗೆ ಕರೆದುಕೊಂಡು ಹೋದೆ. ಕಫದಲ್ಲಿ ರೋಗವಿಲ್ಲ ಎಂದು ಕಾಗದ ಕೊಟ್ಟರು. ಚಾಚಾ ಕಿಟಕಿಯಿಂದ ಕೈ ಹೊರಗೆ ಹಾಕಿ, “ಪೊಟ್ಟಣ ಖಾಲಿ ಆದ್ವಲ್ಲ?” ಎಂದು ನಕ್ಕರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟುಕೊಂಡೆ. ಎರಡು ವರ್ಷ ಕಾದ ಕಾಗದ. ಅದು ಕೈಗೆ ಬಂದ ಮೇಲಾದರೂ ಒಂದು ರಾತ್ರಿ ಸುಖವಾಗಿ ನಿದ್ದೆ ಮಾಡಬೇಕಿತ್ತು. ಆಗಲಿಲ್ಲ. ಮಾವ ಆ ದಿನವೇ ಎರಡಲ್ಲು ಬಂದವೆಂದು ಸಾರಿ, ಬರುವ ಮಂಗಳವಾರ ಹರಕೆ ಎಂದು ಓಣಿಗೆಲ್ಲ ಹೇಳಿಬಿಟ್ಟಿದ್ದ.

ಗುಡ್ಡದವ್ವನ ಮುಂದೆ ಒಂದು ಪದ್ಧತಿಯಿದೆ. ಟಗರಿನ ತಲೆಯಿಂದ ಬೆನ್ನಿನ ತನಕ ನೀರು ಚಿಮುಕಿಸುತ್ತಾರೆ. ಟಗರು ಮೈ ಕೊಡವಿದರೆ ಅವ್ವ ಒಪ್ಪಿದಳು. ಕೊಡವದಿದ್ದರೆ ಒಪ್ಪಲಿಲ್ಲ; ಹರಕೆಯಲ್ಲಿ ಏನೋ ದೋಷವಿದೆ, ಗುಣವಾಗಿಲ್ಲ.

ಮಂಗಳವಾರ ಓಣಿಯ ಅರ್ಧ ಮಂದಿ ಬಂಡೆಯ ಮೇಲಿದ್ದರು. ಗುಡಿಯ ಮುದುಕಿ ನೀರು ಚಿಮುಕಿಸಿದಳು. ಟಗರು ಸುಮ್ಮನೆ ನಿಂತಿತು. ಇನ್ನೊಂದು ಸಲ ಚಿಮುಕಿಸಿದಳು. ಅದು ಕಿವಿ ಸಹ ಅಲುಗಿಸಲಿಲ್ಲ. ಅಕ್ಕ ದಿನಾ ಅದರ ಮೈ ತೊಳೆಯುತ್ತಿದ್ದಳು, ತಣ್ಣೀರು ಅದಕ್ಕೆ ರೂಢಿ, ಬೆಚ್ಚಲಿಲ್ಲ, ಅಷ್ಟೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದರೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೆಂಗಸರು ಗುಸುಗುಸು ಎನ್ನತೊಡಗಿದರು. ಮಾವನ ಮುಖ ಬೂದಿಯಾಗಿತ್ತು. ನಾಲ್ಕು ತಿಂಗಳ ಸುಳ್ಳು ಆತನ ಕಣ್ಣಲ್ಲಿತ್ತು. ಮೂರನೆಯ ಸಲ ನೀರು ಬಿತ್ತು. ಟಗರು ಬಂಡೆಯಂತೆ ನಿಂತೇ ಇತ್ತು.

ಬ್ಯಾಗಿನಲ್ಲಿ ಕಾಗದವಿತ್ತು. ರೋಗವಿಲ್ಲ ಎಂದು ಬರೆದು ರುಜು ಹಾಕಿದ ಕಾಗದ. ಅದನ್ನು ತೆಗೆದು ಎಲ್ಲರ ಮುಂದೆ ಹಿಡಿಯಬಹುದಿತ್ತು. ಕೈ ಅದರ ಕಡೆ ಹೋಗಲಿಲ್ಲ. ಎರಡೂ ಕೈ ತಮ್ಮಷ್ಟಕ್ಕೆ ತಾವೇ ಮುಗಿದುಕೊಂಡಿದ್ದವು. ಅವ್ವಾ, ಸುಳ್ಳು ಹೇಳಿದಾಕಿ ನಾನು, ಆತನನ್ನು ಬಿಡು, ಅಕ್ಕನನ್ನು ಬಿಡು, ಒಂದು ಸಲ ಮೈ ಕೊಡವಿಸು, ನಿನ್ನ ಕಾಲಿಗೆ ಬೀಳ್ತೀನಿ ಎಂದು ಒಳಗೊಳಗೇ ಬೇಡುತ್ತಿದ್ದೆ. ಹಾಗೆ ಬೇಡುತ್ತ ಅಕ್ಕನ ಕಡೆ ನೋಡಿದೆ. ಅಕ್ಕ ಗುಡಿಯ ಕಡೆ ನೋಡುತ್ತಿರಲಿಲ್ಲ. ಟಗರಿನ ಕಡೆಯೂ ಇಲ್ಲ. ಆಕೆ ನನ್ನನ್ನು ನೋಡುತ್ತಿದ್ದಳು, ಸೂಜಿ ಹಾಕುವ ಮೊದಲು ನನ್ನ ಮುಖ ನೋಡುತ್ತಿದ್ದ ಹಾಗೆ.

ಟಗರು ಮೈ ಕೊಡವಿತು. ಕೊಂಬಿನಿಂದ ಬಾಲದ ತನಕ, ನೀರು ನಮ್ಮೆಲ್ಲರ ಮೇಲೆ ಸಿಡಿಯುವಂತೆ. “ಝಾಡಿಸ್ತು! ಒಪ್ಪಿದಳು!” ಎಂದು ಮಂದಿ ಕೂಗಿದರು. ಮಾವ ಇದ್ದಲ್ಲೇ ಕೂತುಬಿಟ್ಟ. ನಾನು ಅತ್ತೆ. ಕಾಗದ ಕೊಟ್ಟಾಗ ಬಾರದ ಅಳು ಆಗ ಬಂತು.

ಗುಡ್ಡ ಇಳಿಯುವಾಗ ಅಕ್ಕ ನನ್ನ ಭುಜ ಹಿಡಿದುಕೊಂಡು ನಡೆದಳು. ಅರ್ಧ ದಾರಿಯಲ್ಲಿ, ಹಿಂದಿನವರಿಗೆ ಕೇಳದ ಹಾಗೆ, “ಎರಡಲ್ಲು ಉಗಾದಿಗೇ ಬಂದಿದ್ವಲ್ಲ ಬೇ?” ಎಂದಳು.

ನಾನು ನಿಂತುಬಿಟ್ಟೆ. “ನೀ ಬಾಯಿ ಬಿಡಿಸಿ ನೋಡಿದ್ದೇನು?”

“ನೋಡಬ್ಯಾಡ ಅಂದಿದ್ದಳಲ್ಲ, ನೋಡಲಿಲ್ಲ. ದಿನಾ ಅಂಗೈಯಾಗ ಮೇವು ತಿನಿಸಾಕಿ ನಾನು. ಹಲ್ಲು ಬಂದದ್ದು ಕೈಗೆ ತಿಳಿಯಂಗಿಲ್ಲೇನು?”

“ಮತ್ತ ಯಾಕ ಗುಳಿಗಿ ನುಂಗಿದಿ? ಹರಕಿ ಅವತ್ತೇ ಮುಗದಿತ್ತಲ್ಲ.”

“ಹಲ್ಲು ಬಂದಾವ ಅಂತ ನೀ ಹೇಳಲಿಲ್ಲ” ಎಂದಳು ಅಕ್ಕ. “ನನ್ನ ತಂಗಿ ದೇವ್ರ ಮುಂದ ನಿಂತು ಸುಳ್ಳು ಹೇಳಾಕತ್ಯಾಳಂದ್ರ, ಗುಳಿಗ್ಯಾಗ ಏನೋ ಇರಬೇಕು ಅಂತ ನುಂಗಿದೆ.”

ಕೆಳಗೆ ಬಂದಾಗ ಊರ ಬಾವಿಯ ಹತ್ತಿರ ಹೆಂಗಸರು ಅಕ್ಕನನ್ನು ಸುತ್ತುಗಟ್ಟಿದರು. ಯಾರು ಉಳಿಸಿದರು ನಿನ್ನ ಎಂದು ಯಾವಳೋ ಒಬ್ಬಳು ಕೇಳಿದಳು. “ಗುಡ್ಡದವ್ವ” ಎಂದಳು ಅಕ್ಕ, ನನ್ನ ಭುಜದ ಮೇಲಿನ ಕೈ ತೆಗೆಯದೆ. ನಾನು ಅಲ್ಲೇ ನಿಂತಿದ್ದೆ. ಅಂದು ಸಿಟ್ಟು ಬರಲಿಲ್ಲ.